ಗಾಜಕ್ಕನ ಎರಡು ಗ್ಲಾಸು

ಗಾಜಕ್ಕನಿಗೆ ಸಿಟ್ಟು ಬಂದರೆ ಗ್ಲಾಸು ಒಡೆಯುತ್ತಿರಲಿಲ್ಲ, ಹೊಳೆಯುತ್ತಿತ್ತು. ಹೋಟೆಲಿನ ಬಾರಿನ ಹಿಂದುಗಡೆ ಇಪ್ಪತ್ತೆರಡು ವರ್ಷ ಗ್ಲಾಸು ತೊಳೆದವಳು ಅವಳು. ಸಿಟ್ಟು ಏರಿದಷ್ಟೂ ಉಜ್ಜುವ ಕೈಗೆ ಬಲ ಏರುತ್ತಿತ್ತು. "ಇವತ್ತು ಗ್ಲಾಸಲ್ಲಿ ನನ್ನ ಮೂಗಿನ ಕೂದಲೂ ಕಾಣ್ತಿದೆ ಕಣ್ರೋ, ಯಾರೂ ಅಕ್ಕನ ತಂಟೆಗೆ ಹೋಗ್ಬೇಡಿ" ಎಂದು ಕುಲುಕಣ್ಣ ಉಳಿದವರನ್ನು ಎಚ್ಚರಿಸುತ್ತಿದ್ದ. ಕುಲುಕಣ್ಣನೆಂದರೆ ಬಾರಿನಲ್ಲಿ ಪಾನೀಯ ಬೆರೆಸಿ ಕುಲುಕುವವನು. ಡಬ್ಬಿ ಹಿಡಿದರೆ ಸಿಂಹ, ಮ್ಯಾನೇಜರ್ ಬಂದರೆ ಡಬ್ಬಿಯೊಳಗಿನ ಐಸು.

ಆ ಗುರುವಾರ ತೊಳೆಯುವ ಕೋಣೆಯ ಗೋಡೆಯ ಮೇಲೆ ಒಂದು ನೋಟೀಸು ಕಾಣಿಸಿಕೊಂಡಿತು. "ಗ್ಲಾಸುಗಳಲ್ಲಿ ಹಸಿ ಮೊಟ್ಟೆಯ ದುರ್ವಾಸನೆ ಬರುತ್ತಿದೆ ಎಂದು ಗ್ರಾಹಕರು ದೂರಿರುತ್ತಾರೆ. ಇನ್ನೊಂದು ದೂರು ಬಂದಲ್ಲಿ ತೊಳೆಯುವ ಸಿಬ್ಬಂದಿಯನ್ನು ಕೆಲಸದಿಂದ ತೆಗೆಯಲಾಗುವುದು." ತೊಳೆಯುವ ಸಿಬ್ಬಂದಿ ಎಂಬ ಘನವಾದ ಪದದ ಹಿಂದೆ ಇದ್ದವಳು ಅವಳೊಬ್ಬಳೇ. ಯಾರೂ ಕಿತ್ತು ಹಾಕಬಾರದೆಂದು ಮ್ಯಾನೇಜರ್ ಖುದ್ದಾಗಿ ನಾಲ್ಕೂ ಮೂಲೆಗೆ ಧಾರಾಳವಾಗಿ ಗೋಂದು ಬಳಿದಿದ್ದರು. ಧಾರಾಳತನಕ್ಕೆ ಅವರು ಆರಿಸಿಕೊಂಡದ್ದು ಗೋಂದನ್ನು ಮಾತ್ರ.

ಎರಡು ತಿಂಗಳ ಹಿಂದೆ ಗ್ಲಾಸು ತೊಳೆಯುವ ಹೊಸ ಯಂತ್ರ ಬಂದಿತ್ತು. ಅದರ ಜೊತೆಗೇ ಒಂದು ಆಜ್ಞೆಯೂ ಬಂದಿತ್ತು: ಗ್ಲಾಸು ಮೇಜಿನಿಂದ ನೇರ ಯಂತ್ರಕ್ಕೆ, ನಡುವೆ ನೀರು ಮುಟ್ಟಿಸಕೂಡದು. ಗಾಜಕ್ಕ ಅವತ್ತೇ ತಕರಾರು ತೆಗೆದಿದ್ದಳು.

"ಸರ್, ವಿಸ್ಕಿ ಸವರ್ ಕುಡಿದ ಮೊಟ್ಟೆ ನೊರೆ ಗ್ಲಾಸಿಗೆ ಮೊದಲು ತಣ್ಣೀರು ತೋರಿಸ್ಬೇಕು."

"ಯಾಕೆ?"

ಅಲ್ಲೇ ಅವಳು ಸಿಕ್ಕಿಬಿದ್ದದ್ದು. ಯಾಕೆಂದು ಅವಳಿಗೂ ಗೊತ್ತಿರಲಿಲ್ಲ. ಕೆಲಸ ಕಲಿಸಿದ ಮುದುಕಿ ಮೊದಲ ದಿನವೇ ಹೇಳಿದ್ದಳು: ನೊರೆಗೆ ಮೊದಲು ತಣ್ಣೀರು. ಯಾಕಜ್ಜಿ ಎಂದದ್ದಕ್ಕೆ, "ಹೇಳಿದಷ್ಟು ಮಾಡು, ಬಾಯಿಂದ ಗ್ಲಾಸು ಬೆಳಗಲ್ಲ" ಎಂದು ಗದರಿದ್ದಳು. ಕಾರಣವನ್ನು ಜೊತೆಗೇ ಕಟ್ಟಿಕೊಂಡು ಮುದುಕಿ ಮೇಲಕ್ಕೆ ಹೋಗಿದ್ದಳು.

"ಯಂತ್ರ ಎಂಬತ್ತೆರಡು ಡಿಗ್ರಿಯಲ್ಲಿ ತೊಳೆಯುತ್ತಮ್ಮ," ಎಂದಿದ್ದರು ಮ್ಯಾನೇಜರ್. "ನಿಮ್ಮ ಕೈ ಎಷ್ಟು ಡಿಗ್ರಿ?"

ಆ ಮಾತು ಅವಳೊಳಗೆ ಎರಡು ತಿಂಗಳು ಕುದಿಯಿತು. ನೋಟೀಸು ಬಿದ್ದ ದಿನ ಉಕ್ಕಿತು.

"ಅದಕ್ಕೆ ಎಂಬತ್ತೆರಡು ಡಿಗ್ರಿ ಅಂತೆ," ಎಂದಳು ಗಂಡನ ಮುಂದೆ, ಚೀಲವನ್ನು ಕುರ್ಚಿಯ ಮೇಲೆ ಒಗೆದು. "ನನಗೆ ಒಂದೂ ಇಲ್ಲ. ಅದಕ್ಕೇ ಅದು ಗಬ್ಬು ನಾರಿದ್ರೂ ಕಳ್ಳಿ ನಾನು!"

ಗಂಡ ದರ್ಜಿ. ಮನೆಯ ಮುಂಗೋಣೆಯೇ ಅವನ ಅಂಗಡಿ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಮೂವತ್ತು ವರ್ಷ ಸಂಸಾರ ಮಾಡಿದ್ದರಿಂದ ಜಗಳದಲ್ಲಿ ಅವನ ಪಾಲಿನ ಮಾತು ಯಾವಾಗಲೂ ಕಡಿಮೆ. ಪಿನ್ನು ತೆಗೆದು ಕೇಳಿದ, "ಈಗ ಏನು ಮಾಡ್ತೀಯ?"

"ವಿಸ್ಕಿ ಸವರ್ ಮಾಡ್ತೀನಿ."

ಅವನು ಪಿನ್ನನ್ನು ವಾಪಸು ಬಾಯಿಗಿಟ್ಟುಕೊಂಡ.

ವಾರದ ರಜೆಯ ದಿನ ಬೆಳಗ್ಗೆ ಹತ್ತೂವರೆಗೆ ಗಾಜಕ್ಕ ಮದ್ಯದಂಗಡಿಯ ಮುಂದೆ ನಿಂತಳು. ಇಪ್ಪತ್ತೆರಡು ವರ್ಷ ಬಾರಿನಲ್ಲಿದ್ದರೂ ಅದನ್ನು ಕೊಳ್ಳಲು ನಿಂತದ್ದು ಅದೇ ಮೊದಲು.

"ಯಜಮಾನರಿಗಾ ಅಕ್ಕ?" ಎಂದ ಅಂಗಡಿಯವನು, ಅನುಕಂಪದಿಂದ.

"ಅಲ್ಲ. ಗ್ಲಾಸಿಗೆ."

ಅವನು ಬಾಟಲಿಯನ್ನು ಕಾಗದದಲ್ಲಿ ಸುತ್ತಿ, ಚಿಲ್ಲರೆಯನ್ನು ಎರಡು ಸಲ ಎಣಿಸಿ ಕೊಟ್ಟ.

ಬಾರಿಗೂ ತೊಳೆಯುವ ಕೋಣೆಗೂ ನಡುವೆ ಒಂದು ಸಣ್ಣ ಕಿಟಕಿ ಇತ್ತು. ಗ್ಲಾಸುಗಳು ಅದರಿಂದಲೇ ಆಚೀಚೆ ಓಡಾಡುತ್ತಿದ್ದವು. ಆ ಕಿಟಕಿಯಿಂದ ಕುಲುಕಣ್ಣನ ಕೈಯನ್ನು ಸಾವಿರ ಸಲ ನೋಡಿದ್ದರಿಂದ ಪಾಕ ಅವಳಿಗೆ ಬಾಯಿಪಾಠ. ಅಳೆಯಲು ಕೆಮ್ಮಿನ ಔಷಧಿಯ ಮುಚ್ಚಳ ಸಿಕ್ಕಿತು. ನಾಲ್ಕು ಮುಚ್ಚಳ ವಿಸ್ಕಿ, ಒಂದೂವರೆ ನಿಂಬೆರಸ, ಒಂದೂವರೆ ಸಕ್ಕರೆ ಪಾಕ. ನಿಂಬೆಹಣ್ಣನ್ನು ಮ್ಯಾನೇಜರರ ಕುತ್ತಿಗೆಯೆಂದು ತಿಳಿದು ಹಿಂಡಿದ್ದರಿಂದ ಒಂದೇ ಹಣ್ಣಿನಲ್ಲಿ ಎರಡರ ರಸ ಬಂತು. ಮೊಟ್ಟೆ ಒಡೆದು ಚಿಪ್ಪಿನಿಂದ ಚಿಪ್ಪಿಗೆ ಹೊರಳಿಸಿ ಬಿಳಿಯನ್ನಷ್ಟೇ ಇಳಿಸಿದಳು. ಎಲ್ಲವನ್ನೂ ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಸುರಿದು ಕುಲುಕತೊಡಗಿದಳು.

"ಐಸು ಹಾಕಲ್ವಾ?" ಎಂದ ಗಂಡ, ಮುಂಗೋಣೆಯಿಂದ ಇಣುಕಿ.

"ಮೊದಲು ಐಸಿಲ್ಲದೆ ರೀ. ಆಗಲೇ ನೊರೆ ಏಳೋದು. ಆಮೇಲೆ ಐಸು ಹಾಕಿ ಇನ್ನೊಂದು ಸಲ. ಗೊತ್ತಿಲ್ಲದೆ ಮಧ್ಯ ಬಾಯಿ ಹಾಕ್ಬೇಡಿ, ಅದಕ್ಕೆ ಮ್ಯಾನೇಜರ್ ಇದಾರೆ."

ಹೇಳಿ ಮುಗಿಸುವಷ್ಟರಲ್ಲಿ ಮುಚ್ಚಳ ಟಪ್ಪೆಂದು ಹಾರಿತು. ನೊರೆಯ ಒಂದು ಮುದ್ದೆ ಹೊಸ್ತಿಲು ದಾಟಿ ಗಿರಾಕಿಯೊಬ್ಬರ ಕಪ್ಪು ಪ್ಯಾಂಟಿನ ಮೇಲೆ ಕೂತಿತು.

"ಅಯ್ಯೋ, ನಾಳೆ ಮದುಮಗ ಹಾಕ್ಕೋಬೇಕಾದ ಪ್ಯಾಂಟು ಕಣೇ!"

"ಸುಮ್ನೆ ಒರೆಸಿ. ಮದುವೆಯಾದ್ಮೇಲೆ ಇದಕ್ಕಿಂತ ಬೇಜಾನ್ ಬೀಳುತ್ತೆ."

ಎರಡನೆಯ ಮೊಟ್ಟೆ, ಎರಡನೆಯ ಪ್ರಯತ್ನ. ಈ ಸಲ ಮುಚ್ಚಳವನ್ನು ಅಂಗೈಯಿಂದ ಅದುಮಿ ಹಿಡಿದಳು. ಐಸು ಹಾಕಿ ಮತ್ತೆ ಕುಲುಕಿ, ಟೀ ಸೋಸುವ ಜಾಲರಿಯಲ್ಲಿ ಎರಡು ಗ್ಲಾಸಿಗೆ ಸಮನಾಗಿ ಇಳಿಸಿದಳು. ಕೆಳಗೆ ಜೇನುಬಣ್ಣ, ಮೇಲೆ ಎರಡು ಬೆರಳು ದಪ್ಪದ ಬಿಳಿ ನೊರೆ. ಖಾಲಿ ಗ್ಲಾಸು ಬೇಕಿದ್ದರಿಂದ ಇಬ್ಬರೂ ಕೂತು ಕುಡಿಯಲೇಬೇಕಾಯಿತು. ಕರ್ತವ್ಯದ ಕರೆಗೆ ದರ್ಜಿ ಅಷ್ಟು ಬೇಗ ಓಗೊಟ್ಟದ್ದನ್ನು ಅವಳು ಅದುವರೆಗೆ ನೋಡಿರಲಿಲ್ಲ.

ಗಾಜಕ್ಕ ಒಂದು ಗುಟುಕು ಹೀರಿದಳು. ಹುಳಿ ಮೊದಲು ನಾಲಗೆ ಚಿವುಟಿತು, ಸಿಹಿ ಬಂದು ಸಮಾಧಾನ ಹೇಳಿತು, ಆಮೇಲೆ ಎದೆಯಲ್ಲಿ ನಿಧಾನವಾಗಿ ಒಂದು ಬಿಸುಪು ಹರಡಿತು. ಅವಳು ಗ್ಲಾಸನ್ನೇ ನೋಡುತ್ತ ಕೂತಳು. ಸಾವಿರಾರು ಸಲ ಇದರ ತಳವನ್ನು ತೊಳೆದಿದ್ದಳು. ಇದು ಇಷ್ಟು ರುಚಿ ಎಂದು ಒಬ್ಬರಾದರೂ ಹೇಳಿದ್ದರೇ? ಒಂದು ನಿಮಿಷ ಆರಿದ್ದ ಸಿಟ್ಟು ಈಗ ಇನ್ನೊಂದು ಕಡೆಯಿಂದ ಹೊತ್ತಿಕೊಂಡಿತು.

ಖಾಲಿ ಗ್ಲಾಸುಗಳನ್ನು ಬಾರಿನಲ್ಲಿ ಕಾಯುವಷ್ಟೇ ಹೊತ್ತು, ಅರ್ಧ ಗಂಟೆ, ಹಾಗೇ ಬಿಟ್ಟಳು. ಪ್ರತಿ ಗುಟುಕಿಗೂ ನೊರೆ ಒಂದೊಂದು ಬಳೆಯಂತೆ ಗಾಜಿಗೆ ಸವರಿಕೊಂಡಿತ್ತು. ಸವರ್ ಎಂಬ ಹೆಸರು ಇದಕ್ಕೇ ಬಂದಿರಬೇಕೆಂದು ಅವಳು ಬಹಳ ವರ್ಷ ನಂಬಿದ್ದಳು. ಒಂದು ಗ್ಲಾಸಿಗೆ ಒಲೆಯ ಮೇಲಿನ ಬಿಸಿನೀರನ್ನು ನೇರವಾಗಿ ಹೊಯ್ದಳು. ಇನ್ನೊಂದನ್ನು ಮೊದಲು ತಣ್ಣೀರಲ್ಲಿ ಜಾಲಿಸಿ, ಆಮೇಲೆ ಬಿಸಿನೀರಲ್ಲಿ ತೊಳೆದಳು. ಎರಡನ್ನೂ ಒರೆಸಿ ಗಂಡನಿಗೆ ಕಣ್ಣು ಮುಚ್ಚಿಸಿ ಮೂಗಿಗೆ ಹಿಡಿದಳು.

"ಇದು?"

"ಏನೂ ಇಲ್ಲ."

"ಇದು?"

ಅವನು ಮುಖ ಹಿಂಡಿದ. "ಥೂ! ನೆಂದ ನಾಯಿ ಮೊಟ್ಟೆ ತಿಂದಂಗಿದೆ."

ಗಾಜಕ್ಕ ನೇರ ಬಿಸಿನೀರು ಕಂಡಿದ್ದ ಆ ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬಳೆಗಳು ಹೋಗಿರಲಿಲ್ಲ, ಮಂಜಿನಂತೆ ಗಾಜಿಗೆ ಅಂಟಿದ್ದವು. ಉಗುರಿನಿಂದ ಕೆರೆದಾಗ ಬಿಳಿಯ ತೆಳು ಪೊರೆ ಎದ್ದು ಬಂತು.

"ಬೆಂದಿದೆ," ಎಂದಳು. "ರೀ, ಮೊಟ್ಟೆ ಗ್ಲಾಸಿಗೆ ಅಂಟಿ ಬೆಂದಿದೆ! ಬಿಸಿನೀರು ತೊಳೀತಿಲ್ಲ, ಬೇಯಿಸ್ತಿದೆ. ಇಷ್ಟೇನಾ? ಆ ಮುದುಕಿಗೆ ಇಷ್ಟು ಹೇಳೋಕೆ ಏನಾಗಿತ್ತು ರೋಗ?"

"ಅವಳಿಗೂ ಗೊತ್ತಿತ್ತೋ ಇಲ್ವೋ," ಎಂದ ಗಂಡ.

ಮರುದಿನ ಬಾರು ತೆರೆಯುವ ಮುಂಚೆ, ಮಧ್ಯಾಹ್ನ ಮೂರಕ್ಕೆ, ಗಾಜಕ್ಕ ಮ್ಯಾನೇಜರರ ಎದುರು ಬಟ್ಟೆಚೀಲ ಬಿಚ್ಚಿದಳು. ಕುಲುಕಣ್ಣ ನಿಂಬೆಹಣ್ಣು ಎಣಿಸುವ ನೆಪದಲ್ಲಿ ತಲೆ ತಗ್ಗಿಸಿದ.

"ಏನಮ್ಮ ಇದು?"

"ನನ್ನ ವಿಸ್ಕಿ, ನನ್ನ ಮೊಟ್ಟೆ. ನಿಮ್ಮ ಗ್ಲಾಸು, ನಿಮ್ಮ ಯಂತ್ರ. ಒಂದು ಗಂಟೆ ಕೊಡಿ ಸರ್. ಆಮೇಲೂ ನನ್ನದೇ ತಪ್ಪು ಅನ್ನಿಸಿದ್ರೆ ನೀವು ತೆಗೀಬೇಡಿ, ನಾನೇ ಹೋಗ್ತೀನಿ."

ಮ್ಯಾನೇಜರ್ ನಕ್ಕರು. ಮ್ಯಾನೇಜು ಮಾಡುವವರ ನಗು ಅದು, ಹಲ್ಲಿಗಿಂತ ಒಳಕ್ಕೆ ಇಳಿಯುವುದಿಲ್ಲ. ಗಾಜಕ್ಕ ತಿರುಗಿ, "ಕುಲುಕಣ್ಣ, ನಿಂಬೆಹಣ್ಣು ಎಲ್ಲೂ ಓಡಿಹೋಗಲ್ಲ. ಡಬ್ಬಿ ತಗೋ" ಎಂದಳು. ಅವನು ಮ್ಯಾನೇಜರರನ್ನು ನೋಡಿದ, ಅಕ್ಕನನ್ನು ನೋಡಿದ, ಯಾರು ಹೆಚ್ಚು ಅಪಾಯವೆಂದು ಲೆಕ್ಕ ಹಾಕಿದ, ಡಬ್ಬಿ ಎತ್ತಿಕೊಂಡ.

ಎರಡು ಗ್ಲಾಸು ತುಂಬಿದವು, ಖಾಲಿಯಾದವು, ಅರ್ಧ ಗಂಟೆ ಕಾದವು. ಒಂದು ನೇರ ಯಂತ್ರಕ್ಕೆ ಹೋಯಿತು. ಇನ್ನೊಂದು ತಣ್ಣೀರು ಕಂಡು ಅದೇ ಯಂತ್ರಕ್ಕೆ ಹೋಯಿತು. ಹೊರಬಂದ ಎರಡಕ್ಕೂ ಅವಳು ಕುಡಿಯುವ ನೀರು ತುಂಬಿ ಮ್ಯಾನೇಜರರ ಮುಂದಿಟ್ಟಳು.

ತಣ್ಣೀರು ಕಂಡಿದ್ದ ಗ್ಲಾಸಿನದನ್ನು ಅವರು ಗಟಗಟ ಕುಡಿದರು. ನೇರ ಯಂತ್ರಕ್ಕೆ ಹೋಗಿದ್ದದ್ದು ತುಟಿಗೆ ತಾಗುವ ಮುನ್ನವೇ ಮೂಗು ಹಿಂದೆ ಸರಿಯಿತು.

"ಬೆಳಕಿಗೆ ಹಿಡೀರಿ ಸರ್. ಉಗುರಲ್ಲಿ ಕೆರೀರಿ. ಎಂಬತ್ತೆರಡು ಡಿಗ್ರಿಯಲ್ಲಿ ಬೆಂದ ಮೊಟ್ಟೆ ಅದು."

ಅವರು ಕೆರೆದರು. ಉಗುರಿಗೆ ಅಂಟಿದ ಪೊರೆಯನ್ನು ನೋಡಿದರು. "ಸರಿ, ಇವತ್ತಿಂದ ತಣ್ಣೀರಲ್ಲಿ ಜಾಲಿಸಿ ಹಾಕಿ. ಹೋಗಿ, ಕೆಲಸ ನೋಡಿ."

ಗಾಜಕ್ಕ ಕದಲಲಿಲ್ಲ. "ನೋಟೀಸು?"

"ಯಾರಿಗಾದ್ರೂ ಹೇಳಿ ತೆಗೆಸ್ತೀನಮ್ಮ."

"ಅಂಟಿಸೋಕೆ ಯಾರಿಗಾದ್ರೂ ಹೇಳಿದ್ರಾ?"

ಕುಲುಕಣ್ಣ ಮೊದಲ ಬಾರಿಗೆ ತಲೆ ಎತ್ತಿ ನಿಂತಿದ್ದ. ಮ್ಯಾನೇಜರ್ ಎದ್ದು ತೊಳೆಯುವ ಕೋಣೆಗೆ ನಡೆದರು. ಕಾಗದ ಎಳೆದರು. ನಡುಭಾಗ ಹರಿದು ಕೈಗೆ ಬಂತು, ನಾಲ್ಕು ಮೂಲೆಗಳು ಗೋಡೆಯಲ್ಲೇ ಉಳಿದವು. ಅವರು ಅತ್ತಿತ್ತ ನೋಡಿ, ಬಟ್ಟೆಯೊಂದನ್ನು ಎತ್ತಿಕೊಂಡು ತಣ್ಣೀರಿನ ನಲ್ಲಿಗೆ ಕೈ ಹಾಕಿದರು.

"ಅದಲ್ಲ ಸರ್," ಎಂದಳು ಗಾಜಕ್ಕ, ಎರಡೂ ಕೈ ಕಟ್ಟಿಕೊಂಡು. "ಗೋಂದಿಗೆ ಬಿಸಿನೀರು."

ನಾಲ್ಕನೆಯ ಮೂಲೆ ಪೂರ್ತಿ ಬಿಡುವವರೆಗೂ ಅವಳು ಅಲ್ಲಿಂದ ಅಲ್ಲಾಡಲಿಲ್ಲ. ಆ ಸಂಜೆ ಬಾರಿನ ಗ್ಲಾಸುಗಳು ಕಣ್ಣು ಕುಕ್ಕುವಂತೆ ಹೊಳೆದವು. ಕುಲುಕಣ್ಣ ಒಂದನ್ನು ದೀಪಕ್ಕೆ ಹಿಡಿದು ನೋಡಿ, ಪಕ್ಕದವನಿಗೆ ಪಿಸುಗುಟ್ಟಿದ: "ಅಕ್ಕಂದು ಇನ್ನೂ ಆರಿಲ್ಲ ಕಣೋ. ದೂರ ಇರು."