ಅರಿವೆಯ ಸೈಕಲ್ಲು

ಸೈಕಲ್ಲನ್ನು ಅರಿವೆಯಿಂದ ಮಾಡುತ್ತಾರೆ ಎಂದು ಯಾರಾದರೂ ಹೇಳಿದ್ದರೆ ಅವತ್ತಿನವರೆಗೆ ನಾನು ಅವರ ಮುಖದ ಮುಂದೆಯೇ ನಕ್ಕುಬಿಡುತ್ತಿದ್ದೆ. ನಮಗೆ ಗೊತ್ತಿದ್ದ ಸೈಕಲ್ಲು ಕಬ್ಬಿಣದ್ದು. ಬಿದ್ದು ಸೊಟ್ಟಾದರೆ ಬಡಿದು ನೆಟ್ಟಗೆ ಮಾಡಬೇಕು, ತುಕ್ಕು ಹಿಡಿದರೆ ಎಣ್ಣೆ ಹಚ್ಚಬೇಕು, ಮುಗಿಯಿತು. ಅರಿವೆ ಎಂದರೆ ಉಡುವುದು, ಒಗೆಯುವುದು, ಹರಿದ ಮೇಲೆ ಪದರ ಪದರ ಜೋಡಿಸಿ ಹೊದೆಯುವ ಕೌದಿಗೆ ಹಾಕಿ ಹೊಲಿಯುವುದು. ಅದರ ಮೇಲೆ ಕೂತು ಅಥಣಿಗೆ ಹೋಗಿ ಬರುವುದುಂಟೇ?

ತೊಂಬತ್ತರ ದಶಕದ ನಡುವಿನ ಮಾತು. ನಮ್ಮ ಮನೆ ಐನಾಪುರದಲ್ಲಿ. ಅಪ್ಪನಿಗೆ ಕಬ್ಬು, ಒಂದಿಷ್ಟು ದ್ರಾಕ್ಷಿ, ಒಂದು ಜೋಡಿ ಎತ್ತು. ನಾನು ದಿನಾ ಬಸ್ಸಿನಲ್ಲಿ ಅಥಣಿಯ ಕಾಲೇಜಿಗೆ ಹೋಗಿ ಬರುತ್ತಿದ್ದೆ. ಅಣ್ಣನಿಗೆ ಮಾತ್ರ ಸೈಕಲ್ ಓಟದ ಶರ್ಯತ್ತಿನ ಹುಚ್ಚು. ಚಿಕ್ಕೋಡಿ, ರಾಯಬಾಗ, ನಿಪ್ಪಾಣಿ, ಎಲ್ಲೇ ಶರ್ಯತ್ತು ಇದೆ ಎಂದು ಸುದ್ದಿ ಬಂದರೂ ಇವನು ಅಲ್ಲಿ ಹಾಜರ್. ಮೂರನೆಯವನೋ ನಾಲ್ಕನೆಯವನೋ ಆಗಿ ಬಂದು, ಕೊಟ್ಟ ಸ್ಟೀಲ್ ಡಬ್ಬಿಯನ್ನು ಹ್ಯಾಂಡಲಿಗೆ ನೇತುಹಾಕಿಕೊಂಡು ಮನೆ ಸೇರುತ್ತಿದ್ದ. ಅಡುಗೆಮನೆಯ ಮಾಡ ಡಬ್ಬಿಗಳಿಂದ ತುಂಬಿತೇ ಹೊರತು ಅಪ್ಪನ ಮನಸ್ಸು ತುಂಬಲಿಲ್ಲ.

ಆ ವರ್ಷ ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟ. "ಕಾರಹುಣ್ಣಿವಿ ಶರ್ಯತ್ತಿನಾಗ ಮೊದಲ ನಂಬರ್ ಬಂದ್ರ ಸೈಕಲ್ ನಿಂದು. ಇಲ್ಲಂದ್ರ ಅದು ಅಟ್ಟಕ್ಕ, ನೀ ತ್ವಾಟಕ್ಕ. ಮಾತಂದ್ರ ಮಾತು."

ಅಪ್ಪ ಆಡಿದ ಮಾತನ್ನು ತಿರುಗಿಸುವವನಲ್ಲ. ಅಣ್ಣ ಊಟ ಬಿಟ್ಟು ಎದ್ದು ಹೋಗಿ ಸೈಕಲ್ಲಿನ ಚೈನು ಒರೆಸುತ್ತ ಕೂತ. ನನಗೆ ಅಪ್ಪನ ಮೇಲೆ ಎಂಥ ಸಿಟ್ಟು ಬಂದಿತ್ತೆಂದರೆ ಎರಡು ದಿನ ಅವನಿಗೆ ಚಹಾ ಕೊಡುವಾಗ ಕಪ್ಪನ್ನು ಕುಕ್ಕಿ ಇಡುತ್ತಿದ್ದೆ.

ಕಾರಹುಣ್ಣಿಮೆ ಎತ್ತುಗಳ ಹಬ್ಬ. ಮೈ ತೊಳೆದು, ಕೊಂಬಿಗೆ ಎಣ್ಣೆ ತಿಕ್ಕಿ, ಬಣ್ಣ ಬಳಿದು, ಸಂಜೆ ಓಡಿಸುತ್ತಾರೆ. ಅವತ್ತು ಯಾವ ಎತ್ತನ್ನೂ ಗೂಟಕ್ಕೆ ಕಟ್ಟಿ ಬಿಡುವಂತಿಲ್ಲ. ಮುದಿ ಎತ್ತಾದರೂ ನಾಲ್ಕು ಹೆಜ್ಜೆ ಓಡಲೇಬೇಕು, ಇಲ್ಲದಿದ್ದರೆ ಮನೆಗೆ ಒಳ್ಳೆಯದಲ್ಲ ಎಂದು ನಂಬಿಕೆ. ಅದೇ ದಿನ ಬೆಳಿಗ್ಗೆ ಕಾಗವಾಡದ ಹುಡುಗರು ಸೈಕಲ್ ಶರ್ಯತ್ತು ಇಡುತ್ತಿದ್ದರು. ಕಾಗವಾಡದಿಂದ ಅಥಣಿಗೆ ಹೋಗಿ ತಿರುಗಿ ಕಾಗವಾಡಕ್ಕೆ ಬರುವುದು. ಹೋಗುವಾಗ ಗಾಳಿ ಬೆನ್ನು ತಟ್ಟಿ ಕಳಿಸುತ್ತದೆ, ಬರುವಾಗ ಎದೆಗೆ ಕೈಯಿಟ್ಟು ನಿಲ್ಲಿಸುತ್ತದೆ. ಮುಂಗಾರಿನ ಪಡುವಣ ಗಾಳಿ ಅಂದರೆ ಅಷ್ಟು ಜೋರು. ಅಣ್ಣ ಯಾವಾಗಲೂ ಸೋಲುತ್ತಿದ್ದದ್ದು ಆ ಗಾಳಿಗೇ.

ಪರವೂರಿನಿಂದ ಬರುವ ಶರ್ಯತ್ತಿನವರನ್ನು ಸುತ್ತಲಿನ ಊರಿನ ಮನೆಗಳಿಗೆ ಹಂಚಿಕೊಡುವುದು ರೂಢಿ. ನಾಳೆ ನಮ್ಮ ಹುಡುಗನನ್ನು ಸೋಲಿಸುವವನಿಗೆ ಇವತ್ತು ನಾವೇ ಉಣ್ಣಲಿಕ್ಕೆ ಹಾಕಬೇಕು. ಅದರಲ್ಲಿ ಯಾರಿಗೂ ಏನೂ ವಿಚಿತ್ರ ಅನಿಸುತ್ತಿರಲಿಲ್ಲ. ನಮ್ಮ ಮನೆಗೆ ಬಂದವನು ಮಿರಜದ ಆಚೆಯ ಊರಿನ ಹುಡುಗ, ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಮರಾಠಿ ಮನೆಮಾತು, ಕನ್ನಡ ಗಡಿ ಮಂದಿಯ ಹಾಗೆ ಸರಾಗ. ಹಬ್ಬದ ಹಿಂದಿನ ದಿನ, ಹೊತ್ತು ಮುಳುಗುವ ಸ್ವಲ್ಪ ಮುಂಚೆ ಟೆಂಪೋದಿಂದ ಇಳಿದ. ರಜಾಯಿಯಲ್ಲಿ ಸುತ್ತಿದ ಏನನ್ನೋ ಕೂಸಿನ ಹಾಗೆ ಎತ್ತಿಕೊಂಡಿದ್ದ.

"ಮದಲ ಉಣ್ಣು ಬಾ ತಮ್ಮಾ. ಹೊತ್ತು ಮುಳಗಿದ ಮ್ಯಾಲ ನಮ್ಮ ಮನ್ಯಾಗ ಯಾರೂ ಉಣ್ಣೂದಿಲ್ಲ," ಅಂದಳು ಆಯಿ. ಅಪ್ಪನ ತಾಯಿಯನ್ನು ನಾವು ಆಯಿ ಅನ್ನುತ್ತಿದ್ದೆವು. ಜೈನರ ಮನೆಯ ಪದ್ಧತಿ ಅವನಿಗೂ ಗೊತ್ತಿತ್ತು. ಗಬಗಬ ಉಂಡು, ಕೈ ತೊಳೆದು, ಪಡಸಾಲೆಯಲ್ಲಿ ರಜಾಯಿ ಬಿಚ್ಚಿದ.

ಅಬ್ಬಾ! ಅದೇನು ಸೈಕಲ್ಲೋ, ಏನೋ! ನಮ್ಮ ಸೈಕಲ್ಲಿಗಿರುವ ಮೂರು ಕೊಳವೆಗಳ ತ್ರಿಕೋನವೇ ಅದಕ್ಕಿರಲಿಲ್ಲ. ಬೆಸುಗೆ ಇಲ್ಲ, ಜೋಡಿಸಿದ ಗುರುತಿಲ್ಲ, ಹಿಡಿಕೆಯಿಂದ ಹಿಂದಿನ ಗಾಲಿಯವರೆಗೆ ಒಂದೇ ಮೈ. ಕರ್ರಗೆ ಹೊಳೆಯುವ ಮೈ. ಗಾಲಿಗೆ ಕಡ್ಡಿಗಳೂ ಇಲ್ಲ, ಅಗಲವಾದ ಮೂರೇ ಮೂರು ಅಲಗು. ನಿಂತಲ್ಲೇ ಓಡುತ್ತಿರುವ ಹಾಗೆ ಕಾಣುತ್ತಿತ್ತು. ಅಣ್ಣ ಹತ್ತಿರ ಬಂದ. ಕೈ ಚಾಚಿದವನು ಅರ್ಧಕ್ಕೇ ನಿಲ್ಲಿಸಿದ.

"ಮುಟ್ಟಬ್ಯಾಡ್ರಿ, ಬೇಜಾರಾಗಬ್ಯಾಡ್ರಿ," ಅಂದ ಆ ಹುಡುಗ ಸಂಕೋಚದಿಂದ. "ನಮ್ಮ ಮಾಮಾ ಪರದೇಶದಿಂದ ತಂದಾನ. ನನ್ನದಲ್ಲ. ಯಾರಿಗೂ ಹತ್ತಾಕ ಕೊಡಬ್ಯಾಡ ಅಂತ ಆಣಿ ಹಾಕಿಸ್ಯಾನ."

"ಯಾವ ಲೋಹರೀ ಇದು?" ಅಣ್ಣ ಕೇಳಿದ.

"ಲೋಹ ಅಲ್ರಿ. ಅರಿವಿ."

ನಾನು ಕಿಸಕ್ಕನೆ ನಕ್ಕೆ. ಆಯಿ ನಗಲಿಲ್ಲ, ಹತ್ತಿರ ಸರಿದು ಕೂತಳು. ಹುಡುಗ ಬಿಡಿಸಿ ಹೇಳಿದ. ಕಾರ್ಬನ್ ಎಂಬುದರ ಎಳೆ ಕೂದಲಿಗಿಂತ ತೆಳ್ಳಗಂತೆ. ಅದನ್ನು ನೇಯ್ದು ಅರಿವೆ ಮಾಡುತ್ತಾರೆ. ಆ ಅರಿವೆಯನ್ನು ಕತ್ತರಿಸಿ, ಅಂಟಿನಲ್ಲಿ ಅದ್ದಿ, ಅಚ್ಚಿನಲ್ಲಿ ಪದರದ ಮೇಲೆ ಪದರ ಹಾಸಿ, ಒತ್ತಿ, ಬಿಸಿಯಲ್ಲಿ ಬೇಯಿಸುತ್ತಾರೆ. ಒಂದು ಪದರದ ಎಳೆ ಉದ್ದಕ್ಕೆ, ಇನ್ನೊಂದರದು ಓರೆಗೆ. ಉದ್ದದ ಎಳೆ ಬಾಗದಂತೆ ಹಿಡಿಯುತ್ತದೆ, ಓರೆಯದು ತಿರುಚದಂತೆ. ಪೆಡಲಿನ ಹತ್ತಿರ ಕಾಲಿನ ಬಲ ಬೀಳುತ್ತದೆ, ಅಲ್ಲಿ ಪದರ ಹೆಚ್ಚು. ಬಲ ಬೀಳದ ಕಡೆ ಕಡಿಮೆ.

"ಅಯ್ಯ, ಕೌದಿ!" ಅಂದಳು ಆಯಿ. "ಹಿಮ್ಮಡಿ ತಿಕ್ಕೂ ಕಡೆ ನಾನೂ ಎರಡು ಪದರ ಜಾಸ್ತಿ ಹಾಕ್ತೀನಿ."

"ಹಂಗ ನೋಡ್ರಿ, ಕೌದೀನ!" ಅವನಿಗೂ ಖುಷಿಯಾಯಿತು.

ಆಮೇಲೆ ಅವನು ಹೇಳಿದ ಗಾಳಿಯ ಮಾತನ್ನು ನಾನು ಈಗಲೂ ಬಸ್ಸಿನ ಕಿಟಕಿಯಿಂದ ಕೈ ಹೊರಗಿಟ್ಟಾಗಲೆಲ್ಲ ನೆನೆಯುತ್ತೇನೆ. ಗಾಳಿ ಎದುರಿನಿಂದ ತಡೆಯುತ್ತದೆ ಎಂದಷ್ಟೇ ನಾವು ತಿಳಿದಿದ್ದೆವು. ಅದು ಹಿಂದಿನಿಂದಲೂ ಎಳೆಯುತ್ತದೆ ಎಂದ ಅವನು. ದುಂಡು ಕೊಳವೆಯನ್ನು ಬಳಸಿ ಹೋದ ಗಾಳಿ ಹಿಂದೆ ಕೂಡಿಕೊಳ್ಳಲಾರದೆ ಸುಳಿ ಸುತ್ತುತ್ತದೆ, ಹೊಳೆಯಲ್ಲಿ ನೆಟ್ಟ ಗಳದ ಹಿಂದೆ ನೀರು ಸುತ್ತುವ ಹಾಗೆ. ಆ ಸುಳಿಯೇ ಸೈಕಲ್ಲನ್ನು ಹಿಂದಕ್ಕೆ ಜಗ್ಗುತ್ತದೆ. ಅದಕ್ಕೇ ಇದರ ಮೈ ಮುಂದೆ ದುಂಡಗೆ, ಹಿಂದೆ ಹೋಗುತ್ತ ಹೋಗುತ್ತ ಸಪೂರ.

"ಚೂಪು ಮುಂದ ಇರಬೇಕಲ್ರಿ?" ಅಣ್ಣನಿಗೆ ನಂಬಿಕೆಯಾಗಲಿಲ್ಲ. ಹಿಂದಿನ ವರ್ಷ ಡಾಲ್ಡಾ ಡಬ್ಬಿ ಬಿಚ್ಚಿ, ಚೂಪಾದ ಮೂತಿ ಮಾಡಿ ಹ್ಯಾಂಡಲಿಗೆ ಕಟ್ಟಿಕೊಂಡು ಹೋಗಿ, ರಾಯಬಾಗದ ಮಂದಿಯನ್ನೆಲ್ಲ ನಗಿಸಿ ಬಂದಿದ್ದ ಮಹಾಶಯ ಇವನು.

"ಮೀನ ನೋಡ್ರಿ. ತಲಿ ದಪ್ಪ, ಬಾಲ ಸಣ್ಣ."

"ಮೀನಿನ ಮಾತು ನಮ್ಮ ಮನ್ಯಾಗ ಬ್ಯಾಡೋ ತಮ್ಮಾ," ಅಂದಳು ಆಯಿ. ಎಲ್ಲರೂ ನಕ್ಕೆವು. ಅಪ್ಪನೊಬ್ಬ ನಗಲಿಲ್ಲ. ಮೂಲೆಯಲ್ಲಿ ನಮ್ಮ ಕಡೆ ಬೆನ್ನು ಮಾಡಿ ಕೂತು, ಹಬ್ಬಕ್ಕೆ ಎತ್ತುಗಳ ಹೊಸ ಮೂಗುದಾರ ಹೊಸೆಯುತ್ತಿದ್ದ. ನಮ್ಮ ಮಾತಿನ ಕಡೆ ಅವನಿಗೆ ಲಕ್ಷ್ಯವೇ ಇದ್ದಂತೆ ಕಾಣಲಿಲ್ಲ.

"ಖರೇ ಹೇಳಬೇಕಂದ್ರ ಗಾಳಿ ಹಿಡಿಯೂದು ಸೈಕಲ್ಲಿಗಿಂತ ಭಾಳ ಮನಷ್ಯಾಗ," ಅಂದ ಹುಡುಗ. ಅಣ್ಣನನ್ನು ಅವನದೇ ಹಳೆಯ ಸೈಕಲ್ಲಿನ ಮೇಲೆ ಕೂರಿಸಿ, ಬೆನ್ನು ಬಾಗಿಸಿ, ಹೊರಗೆ ಚಾಚಿದ ಮೊಳಕೈಗಳನ್ನು ಒಳಕ್ಕೆ ಒತ್ತಿದ. "ಮೊಳಕೈ ಒಳಗ ಹಿಡೀರಿ. ಇಷ್ಟು ಮಾಡಿದ್ರ ನಿಮ್ಮ ಸೈಕಲ್ಲೂ ಓಡತೈತಿ." ನಾಳೆ ಎದುರಾಳಿಯಾಗುವವನಿಗೆ ಹೀಗೆ ಗುಟ್ಟು ಬಿಚ್ಚಿ ಹೇಳುವ ಹುಡುಗನನ್ನು ಕಂಡು ನನಗೆ ಸೈಕಲ್ಲಿಗಿಂತ ಅವನೇ ದೊಡ್ಡ ಆಶ್ಚರ್ಯವಾದ.

ಬೆಳಿಗ್ಗೆ ಅಣ್ಣನ ಕೂಗಿಗೆ ಎಚ್ಚರವಾಯಿತು. "ಆಯೀ! ಏನ ಮಾಡಿದಿಬೇ!"

ಓಡಿ ಹೋಗಿ ನೋಡಿದೆ. ಆಯಿ ಎಣ್ಣೆಯ ಬಟ್ಟಲು ಹಿಡಿದು ನಿಂತಿದ್ದಳು. ಎತ್ತುಗಳ ಕೊಂಬಿಗೆಲ್ಲ ಎಣ್ಣೆ ತಿಕ್ಕಿ ಮುಗಿಸಿ, ಪಡಸಾಲೆಗೆ ಬಂದು ಆ ಕರಿ ಸೈಕಲ್ಲಿಗೂ ಹಚ್ಚಿಬಿಟ್ಟಿದ್ದಳು. ಮೈಗೆ, ಮೂರು ಅಲಗಿಗೆ, ಗಾಲಿಯ ಅಂಚಿಗೆ, ಎಲ್ಲೂ ಒಂದು ಬೆರಳಗಲ ಬಿಡದೆ.

"ಥೇಟ್ ಕೊಂಬಿನಂಗ ಐತಲ್ಲೋ," ಅಂದಳು. "ಹಬ್ಬದ ದಿನ, ಮನಿಗೆ ಬಂದಿದ್ದು. ಹಂಗ ಬಿಡಬಾರದು ಅಂತ ಹಚ್ಚಿದೆ. ಓಡೂದಲ್ಲೇನು ಅದೂ?"

ಗಾಲಿಯ ಅಂಚೆಂದರೆ ಬ್ರೇಕ್ ಹಿಡಿಯುವ ಜಾಗ. ಎಣ್ಣೆ ಬಿದ್ದರೆ ಬ್ರೇಕ್ ಹಿಡಿಯುವುದಿಲ್ಲ, ಅಥಣಿಯ ತಿರುವಿನಲ್ಲಿ ಹುಡುಗ ನೇರ ಹೋಗಿ ಗಟಾರ ಸೇರುತ್ತಿದ್ದ. ನಾನು ಆಯಿಯ ಮೇಲೆ ಹರಿಹಾಯ್ದೆ. ಅಣ್ಣ ನನ್ನನ್ನು ಸುಮ್ಮನಿರಿಸಿ, ಒಳಗೆ ಹೋಗಿ ಹುಡುಗನನ್ನು ಎಬ್ಬಿಸಿ ಕರೆತಂದ. ಹುಡುಗನ ಮುಖ ಬಿಳಿಚಿಕೊಂಡಿತು. ಆಯಿ ಮಾತ್ರ ಹೆದರಲಿಲ್ಲ. "ಎಣ್ಣಿ ಹಚ್ಚಿದ ಕೈಗೆ ಎಣ್ಣಿ ತಗಿಯಾಕೂ ಬರ್ತೈತಿ, ಸರೀರಿ," ಅಂದು ಕಡಲೆಹಿಟ್ಟು, ಸೀಗೆಪುಡಿ, ಬಿಸಿನೀರು ತಂದಳು. ನಾವು ನಾಲ್ವರೂ ಕೂತು ಗಾಲಿಗೆ ಎಣ್ಣೆಸ್ನಾನ ಮಾಡಿಸಿದೆವು. ಬ್ರೇಕಿನ ರಬ್ಬರುಗಳನ್ನೂ ಬಿಚ್ಚಿ ತಿಕ್ಕಿದೆವು. ಅಪ್ಪ ಎತ್ತುಗಳಿಗೆ ಹುಲ್ಲು ಹಾಕುತ್ತ ಎಲ್ಲವನ್ನೂ ನೋಡಿ ಹೋದ.

ಹುಡುಗ ಬ್ರೇಕನ್ನು ಕೈಯಲ್ಲಿ ಹಿಡಿದು ನೋಡಿದ. ಆಮೇಲೆ ಅಣ್ಣನನ್ನು ನೋಡಿದ. "ನೀವು ಹೇಳದಿದ್ರ ನನಗ ಗೊತ್ತ ಆಗ್ತಿದ್ದಿಲ್ಲ," ಅಂದ. "ಹಳ್ಳದ ಮಟಾ ಹೋಗಿ ಬ್ರೇಕ್ ನೋಡ್ಕೊಂಡು ಬರ್ರಿ. ನೀವ ಹೋಗ್ರಿ."

"ನಿಮ್ಮ ಮಾಮಾನ ಆಣಿ?"

"ಮಾಮಾಗ ನಾ ಹೇಳ್ಕೋತೀನಿ."

ನಮ್ಮ ಮನೆಯ ಮುಂದಿನ ರಸ್ತೆ ಹಳ್ಳದ ಕಡೆಗೆ ಇಳಿಯುತ್ತದೆ. ಅಣ್ಣ ಹತ್ತಿದ. ಗುಡಿಯ ಬಾಗಿಲು ದಾಟುವವನ ಹಾಗೆ ಕಾಲಿನ ಚಪ್ಪಲಿ ಕಳಚಿಟ್ಟು ಹತ್ತಿದ. ಎರಡು ಸಲ ಪೆಡಲ್ ತುಳಿದದ್ದಷ್ಟೇ ನನಗೆ ಕಂಡದ್ದು. ಆಮೇಲೆ ಅವನು ಹೋದನೋ, ರಸ್ತೆಯೇ ಅವನನ್ನು ಎಳೆದುಕೊಂಡಿತೋ! ನಮ್ಮ ಸೈಕಲ್ಲಿನ ಕಡ್ಡಿಗಳು ಗಾಳಿಗೆ ಸುಂಯ್‌ಗುಡುತ್ತವೆ. ಇದು ಅಗಲ ಮೊರದಲ್ಲಿ ಕಾಳು ಕೇರಿದ ಹಾಗೆ ಹುಸ್ ಹುಸ್ ಎಂದಿತು, ಆಮೇಲೆ ಅದೂ ಇಲ್ಲ. ಹಳ್ಳದ ಹತ್ತಿರ ಗಕ್ಕನೆ ನಿಂತು, ತಿರುಗಿ, ಎದುರುಗಾಳಿಯಲ್ಲಿ ದಿಬ್ಬ ಹತ್ತಿ ಬಂದ. ನನ್ನ ಮೈಮೇಲೆ ಮುಳ್ಳೆದ್ದಿದ್ದವು.

ಇಳಿದವನ ಕಣ್ಣಲ್ಲಿ ನೀರು. "ಬ್ರೇಕ್ ಹಿಡೀತಾವ್ರಿ," ಅಂದ ಹುಡುಗನಿಗೆ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಗಾಳಿಗೆ ನಾ ಕಾಣಲೇ ಇಲ್ಲಬೇ," ಅಂದ.

ಶರ್ಯತ್ತಿನಲ್ಲಿ ಏನಾಗಬೇಕಿತ್ತೋ ಅದೇ ಆಯಿತು. ಕಾಗವಾಡದ ರಸ್ತೆಯ ಮೇಲೆ ಮಂದಿ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಲ್ಲುವಷ್ಟು ಗಾಳಿ. ಆ ಗಾಳಿಯನ್ನು ಸೀಳಿಕೊಂಡು ಕರಿ ಸೈಕಲ್ಲು ಬಂತು. ಕೂಗಬೇಕಾದ ಮಂದಿ ಕೂಗುವುದನ್ನೇ ಮರೆತು ಬಾಯಿ ತೆರೆದು ನಿಂತರು. ಅದರ ಹಿಂದೆ, ಕಣ್ಣಿಗೆ ಕಾಣುವಷ್ಟು ದೂರದಲ್ಲಿ, ಬೆನ್ನು ಬಾಗಿಸಿ, ಮೊಳಕೈ ಒಳಗೆ ಹಿಡಿದು, ಒಬ್ಬನೇ ನಮ್ಮ ಅಣ್ಣ. ಅವನ ಹಿಂದೆ ಬಹಳ ಹೊತ್ತಿನ ತನಕ ಯಾರೂ ಇಲ್ಲ.

ಎರಡನೆಯ ನಂಬರ್. ಅಣ್ಣನಿಗೆ ಎಂದೂ ಬಾರದ ನಂಬರ್. ಆದರೆ ಅಪ್ಪನ ಮಾತು ಮೊದಲ ನಂಬರಿನದು.

ಹುಡುಗ ಅಪ್ಪನ ಕಾಲಿಗೆ ಬಿದ್ದು, ನಮಗೆಲ್ಲ ಕೈಮುಗಿದು ಮಿರಜದ ಗಾಡಿ ಹತ್ತಿದ. ನಾವು ಮನೆಗೆ ಬಂದೆವು. ಅಪ್ಪ ಅಣ್ಣನ ಸೈಕಲ್ಲನ್ನು ಹೆಗಲಿಗೇರಿಸಿ, ಏಣಿ ಹತ್ತಿ ಅಟ್ಟದಲ್ಲಿಟ್ಟು ಇಳಿದ. ನನಗೆ ತಡೆಯಲಾಗಲಿಲ್ಲ. "ಅರಿವಿ ಸೈಕಲ್ಲಿನ ಬೆನ್ನ ಹಿಂದ ಕಬ್ಬಿಣ ತುಳಕೊಂಡು ಬಂದಾನಪಾ ಅವ! ನಿನಗ ಕಣ್ಣಿಲ್ಲೇನು?" ಎಂದು ಚೀರಿದೆ. ಅಣ್ಣ ನನ್ನ ಕೈ ಹಿಡಿದು ಕೂರಿಸಿದ. "ಇರಲಿ ಬಿಡು," ಅಂದ.

ಸಂಜೆಯಾಯಿತು. ಹಲಗೆ ವಾದ್ಯ ಬಡಿಯುವ ಸದ್ದು ಕೇಳತೊಡಗಿತು. ಅಪ್ಪ ಎತ್ತುಗಳನ್ನು ಗೂಟದಿಂದ ಬಿಚ್ಚಿ ಅಂಗಳಕ್ಕೆ ತಂದ. ಆಗ ಆಯಿ ಎಣ್ಣೆಯ ಬಟ್ಟಲು ಹಿಡಿದು ಬಂದು ಅಂಗಳದ ಬಾಗಿಲಿಗೆ ಅಡ್ಡ ನಿಂತಳು.

"ಇನ್ನೊಂದು ಒಳಗ ಉಳದೈತಿ," ಅಂದಳು.

"ಎರಡೂ ಬಿಟ್ಟೀನಲ್ಲವ್ವಾ," ಅಂದ ಅಪ್ಪ.

"ಅಟ್ಟದಾಗಿಂದು? ಇವತ್ತ ಓಡೂದನ್ನ ಯಾವದನ್ನೂ ಕಟ್ಟಿ ಹಾಕಬಾರದು. ನಿಮ್ಮಪ್ಪ ಎಂದೂ ಹಾಕಲಿಲ್ಲ. ಮನಿಗೆ ಛಲೋ ಅಲ್ಲ."

ಅಪ್ಪ ತಾಯಿಯ ಮುಖ ನೋಡುತ್ತ ನಿಂತ. ಮಾತಿಗೆ ಎದುರು ಮಾತು ಹೇಳಬಹುದಿತ್ತು, ಹಬ್ಬಕ್ಕೆ ಏನು ಹೇಳುತ್ತಾನೆ? ಕೊನೆಗೆ ಹಗ್ಗಗಳನ್ನು ನನ್ನ ಕೈಗೆ ಕೊಟ್ಟು ಏಣಿ ಹತ್ತಿದ. ಸೈಕಲ್ ಇಳಿಯಿತು. ಆಯಿ ಅದರ ಮೈಗೆಲ್ಲ ಎಣ್ಣೆ ಸವರಿ, ಅಣ್ಣನನ್ನು ಕರೆದು ತೋರಿಸಿದಳು. "ಗಾಲಿ ಅಂಚು ಬಿಟ್ಟೀನಿ ನೋಡೋ. ಹತ್ತು."

ಅಣ್ಣ ಅಪ್ಪನ ಕಡೆ ನೋಡಿದ. ಅಪ್ಪ ಬೇರೆ ಕಡೆ ನೋಡಿದ. ಅಣ್ಣ ಹತ್ತಿ, ಊರಿನ ಎತ್ತುಗಳು ಓಡುವ ದಾರಿಯಲ್ಲಿ ಗಾಳಿಗೆ ಎದುರಾಗಿ ಹೊರಟ. ನಾಲ್ಕು ಮಾರು ಹೋಗಿರಲಿಲ್ಲ, ಅಪ್ಪ ಅಂಗಳದಿಂದ ಬೀದಿಗೆ ಓಡಿ ಬಂದ. ಹಿಂದಿನ ರಾತ್ರಿ ನಮಗೆ ಬೆನ್ನು ತೋರಿಸಿ ಮೂಗುದಾರ ಹೊಸೆಯುತ್ತಿದ್ದವನು, ಊರಿಗೇ ಕೇಳುವ ಹಾಗೆ ಕೂಗಿದ:

"ಮೊಳಕೈ ಒಳಗ ಹಿಡೀಲೇ!"