ಜಾರ್ ಬರುವ ಮೊದಲೇ ಬಂದ ತುಂಡು

ಯಾರಾದರೂ ಇಂಥ ಸಂಗತಿ ಹೇಳಲು ಶುರುಮಾಡಿದರೆ ನಡುವೆ ಬಾಯಿ ಹಾಕಿ ಕೆಡಿಸುವವಳು ನಾನು. ‘ಬಾಗಲಾ ಹಾಕಿತ್ತೇನು? ನೀವ ಖುದ್ದ ನೋಡಿದ್ರೇನು?’ ಎಂದು ನಾಲ್ಕು ಪ್ರಶ್ನೆ ಕೇಳಿದರೆ ಎಂಥ ದೆವ್ವವೂ ನಿಲ್ಲುವುದಿಲ್ಲ. ಹುಟ್ಟಿನಿಂದ ಬಂದ ಅನುಮಾನದ ಬುದ್ಧಿ ನನ್ನದು. ಗಂಡ ತಂದ ಕೊತ್ತಂಬರಿಯನ್ನೂ ಬಿಚ್ಚಿ ನೋಡದೆ ಒಳಗಿಡುವವಳಲ್ಲ. ಈಗ ನಾನೇ ಹೇಳುತ್ತಿದ್ದೇನೆ, ನೀವು ಬೇಕಾದಷ್ಟು ಪ್ರಶ್ನೆ ಕೇಳಿ. ನಾನು ಕೇಳಿಕೊಳ್ಳದ್ದು ಒಂದೂ ಉಳಿದಿರಲಾರದು.

ಧಾರವಾಡ ಬಿಟ್ಟು ಗೋವೆಗೆ ಬಂದು ಹದಿನೆಂಟು ವರ್ಷವಾಯಿತು. ಫಾತೋರ್ಡಾದ ಒಂದು ಸಣ್ಣ ಪೆಥಾಲಜಿ ಲ್ಯಾಬಿನಲ್ಲಿ ಹಿಸ್ಟಾಲಜಿ ವಿಭಾಗ ನೋಡಿಕೊಳ್ಳುತ್ತೇನೆ. ಡಾಕ್ಟರು ರೋಗಿಯ ಮೈಯಿಂದ ತೆಗೆದ ತುಂಡು ಫಾರ್ಮಲಿನ್ ತುಂಬಿದ ಪುಟ್ಟ ಜಾರಿನಲ್ಲಿ ನಮ್ಮಲ್ಲಿಗೆ ಬರುತ್ತದೆ. ಬಂದ ಕ್ರಮದಲ್ಲೇ ರಿಜಿಸ್ಟರಿನಲ್ಲಿ ನಂಬರು ಬೀಳುತ್ತದೆ. ತುಂಡನ್ನು ಎರಡು ಬೆರಳಗಲದ ಪ್ಲಾಸ್ಟಿಕ್ ಕ್ಯಾಸೆಟ್ಟಿಗೆ ಹಾಕಿ, ಅದರ ಮೇಲೂ ಅದೇ ನಂಬರು ಬರೆಯುತ್ತೇವೆ. ಪೆನ್ಸಿಲಿನಲ್ಲೇ ಬರೆಯಬೇಕು, ಪೆನ್ನಿನ ಮಸಿ ರಾಸಾಯನಿಕದಲ್ಲಿ ಅಳಿಸಿಹೋಗುತ್ತದೆ. ಸಂಜೆ ಕ್ಯಾಸೆಟ್ಟುಗಳನ್ನೆಲ್ಲ, ತುಂಡಿನ ನೀರನ್ನು ರಾತ್ರಿಯಿಡೀ ಹೀರಿ ತೆಗೆಯುವ ಯಂತ್ರಕ್ಕೆ ತುಂಬಿ, ಬಾಗಿಲಿಗೆ ಬೀಗ ಹಾಕಿ ಹೋದರೆ, ಬೆಳಿಗ್ಗೆ ತೆಗೆದು, ತುಂಡುಗಳನ್ನು ಮೇಣದಲ್ಲಿ ಕೂರಿಸಿ, ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಬಣ್ಣ ಹಾಕಿ ಮೇಡಂ ಕೈಗೆ ಕೊಡುತ್ತೇವೆ. ಮೇಡಂ ಎಂದರೆ ನಮ್ಮ ಪೆಥಾಲಜಿಸ್ಟ್. ಗೋವೆಯವರಾದರೂ ಹುಬ್ಬಳ್ಳಿಯಲ್ಲಿ ಓದಿದ್ದರಿಂದ ನನ್ನೊಡನೆ ಕನ್ನಡವನ್ನೇ ಆಡುತ್ತಾರೆ.

ನನ್ನದೊಂದು ನೇಮವಿದೆ. ಸಂಜೆ ಯಂತ್ರಕ್ಕೆ ಹಾಕುವಾಗ ಕ್ಯಾಸೆಟ್ಟುಗಳನ್ನು ನಾನು ಎಣಿಸಬೇಕು, ನನ್ನ ಜೊತೆಗಾರ ಸಾಂತಾನ್ ಎಣಿಸಬೇಕು, ಇಬ್ಬರೂ ಸಹಿ ಹಾಕಬೇಕು. ಅವತ್ತು ಇಪ್ಪತ್ತಾರು ಇದ್ದವು. ಕೊನೆಯದು 412. ಐದೂವರೆಗೆ ಬಾಗಿಲು ಹಾಕಿ ಹೋದೆವು.

ಬೆಳಿಗ್ಗೆ ತೆಗೆದರೆ ಇಪ್ಪತ್ತೇಳು.

ಮೊದಲು ನಗು ಬಂತು. ಎಣಿಸುವುದರಲ್ಲಿ ತಪ್ಪಿದೆನೇನೋ, ನನಗೂ ವಯಸ್ಸಾಯಿತು ಅಂದುಕೊಂಡೆ. ಆಮೇಲೆ ಒಂದೊಂದೇ ನಂಬರು ನೋಡಿದೆ. ಹೆಚ್ಚಿಗೆ ಬಂದದ್ದು 413. ಪೆನ್ಸಿಲಿನಲ್ಲಿ ಬರೆದಿತ್ತು, ಬರಹ ನನ್ನದರ ಹಾಗೇ ಇತ್ತು. ಒಳಗೆ ಬೇಳೆಕಾಳಿನಷ್ಟು ತುಂಡು. ಆದರೆ 413ನೇ ರೋಗಿ ಇನ್ನೂ ಬಂದೇ ಇರಲಿಲ್ಲವಲ್ಲ! ಈ ನಂಬರನ್ನು ಯಾರಿಗೂ ಕೊಡಬೇಡ ಎಂದು ಸಾಂತಾನನಿಗೆ ಹೇಳಲು ಹೊರಗೆ ಹೋದೆ. ತಡವಾಗಿತ್ತು. ಆ ದಿನದ ಮೊದಲ ಜಾರಿಗೆ ಅವನು ಆಗಲೇ 413 ಬರೆದು ಮುಗಿಸಿದ್ದ.

ಜಾರು ತಂದವನು ದಸ್ತಗೀರ. ಇಂಡಿ ಕಡೆಯವನು, ಕಾಣಕೋಣದಲ್ಲಿ ಟೆಂಪೊ ಓಡಿಸುತ್ತಾನೆ. ತುಂಡು ಅವನ ಹೆಂಡತಿ ಹುಸೇನಬಿಯದು. ಅವಳ ನಾಲಿಗೆಯ ಅಂಚಿನ ಹುಣ್ಣು ಮೂರು ತಿಂಗಳಾದರೂ ಮಾದಿರಲಿಲ್ಲವಂತೆ. ಹಿಂದಿನ ಸಂಜೆ ಆರರ ಮೇಲೆ ಅಲ್ಲಿಯ ಡಾಕ್ಟರು ತುಂಡು ತೆಗೆದು ಇವನ ಕೈಗೆ ಕೊಟ್ಟಿದ್ದರು. ನಮ್ಮಲ್ಲಿ ಇದು ಮಾಮೂಲು, ಜಾರನ್ನು ಮನೆಯವರೇ ಬಸ್ಸಿನಲ್ಲಿ ತರುತ್ತಾರೆ.

ಜಾರು ಬಿಚ್ಚಿದೆ. ಒಳಗೆ ನೀರಿನಂಥ ಫಾರ್ಮಲಿನ್ ಬಿಟ್ಟರೆ ಏನೂ ಇರಲಿಲ್ಲ. ಸೋಸುವ ಕಾಗದದಲ್ಲಿ ಸೋಸಿದೆ. ಮುಚ್ಚಳದ ಒಳಗೆ ಅಂಟಿದೆಯೇನೋ ಎಂದು ಕೆರೆದು ನೋಡಿದೆ. ಇಲ್ಲ.

“ದಾರ್ಯಾಗ ತಗದಿದ್ದೇನಪಾ? ಚೆಲ್ಲಿತ್ತೇನು?” ಎಂದೆ.

“ಅಲ್ಲಾನ ಆಣಿ ಅಕ್ಕಾರ, ಮುಚ್ಚಳಾ ಮುಟ್ಟಿಲ್ರಿ. ತೊಡಿ ಮ್ಯಾಲೆ ಇಟ್ಕೊಂಡ ಬಂದೇನ್ರಿ,” ಎಂದ ದಸ್ತಗೀರ.

ಅವನನ್ನು ನಂಬಲಿಲ್ಲ. ಸಾಂತಾನನನ್ನಂತೂ ಮೊದಲೇ ನಂಬಲಿಲ್ಲ. ಬೀಗದ ಕೈ ಇರುವುದು ಇಬ್ಬರ ಹತ್ತಿರ, ಒಂದು ನನ್ನದು, ಒಂದು ಅವನದು. ಯಾರೋ ಗುರುತಿನವರ ತುಂಡನ್ನು ಗುಟ್ಟಾಗಿ ಯಂತ್ರಕ್ಕೆ ಹಾಕಿ, ನಂಬರನ್ನು ನನ್ನ ಬರಹದ ಹಾಗೇ ಬರೆದಿದ್ದಾನೆ ಎಂದು ತೀರ್ಮಾನಿಸಿಯೇಬಿಟ್ಟೆ. ಬಾಗಿಲಿಗೆ ಹಾಕಿದ ಕ್ಯಾಮೆರಾದಲ್ಲಿ ಆ ರಾತ್ರಿಯದನ್ನು ಮೂರು ಸಲ ಹಿಂದಕ್ಕೆ ಓಡಿಸಿ ನೋಡಿದೆ. ಬಾಗಿಲ ಹತ್ತಿರ ಒಂದು ನಾಯಿಯೂ ಸುಳಿದಿರಲಿಲ್ಲ. ಆದರೂ ಬಿಡದೆ ಅವನ ಚೀಲದ ಕಡೆ ನೋಡಿದೆ. ಅವನಿಗೆ ತಿಳಿಯಿತು. ಚೀಲ ತಂದು ನನ್ನ ಮೇಜಿನ ಮೇಲೆ ಬೋರಲು ಹಾಕಿದ. ಊಟದ ಡಬ್ಬಿ, ಜಪಮಾಲೆ, ಕನ್ನಡಕದ ಗೂಡು.

“ಪಳಯ್ ಬಾಯ್, ನೋಡು,” ಎಂದ. “ಹಾಂವೆಂ ಕೆಲೆಂ ನಾ. ನಾನ್ ಮಾಡಿಲ್ಲ.”

ಐವತ್ತು ದಾಟಿದ ಮನುಷ್ಯ, ಕಣ್ಣು ತುಂಬಿಕೊಂಡಿದ್ದ. ಈಗ ನೆನೆದರೆ ನಾಚಿಕೆಯಾಗುತ್ತದೆ. ಒಂದು ವಾರ ಅವನು ನನ್ನ ಜೊತೆ ಚಹಾ ಕುಡಿಯಲಿಲ್ಲ.

ಆ ಹೆಚ್ಚಿನ ತುಂಡನ್ನು ನಿಯಮದ ಪ್ರಕಾರ ಬೇರೆಯಿಡಬೇಕು, ಪರೀಕ್ಷೆ ಮಾಡಬಾರದು. ನಾನು ತಡೆಯಲಾರದೆ ಕೊಯ್ದೆ. ಯಾರ ತುಂಡು ಎನ್ನುವುದಕ್ಕೆ ಸುಳಿವಾದರೂ ಸಿಕ್ಕೀತು ಎಂದು. ಮೇಡಂ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಗಾಜನ್ನು ಅತ್ತಿತ್ತ ಸರಿಸಿ ನೋಡಿದರು.

“ಇದು ನಾಲಗೀದು. ಕ್ಯಾನ್ಸರ್ ಅದ. ಯಾರದು?” ಎಂದರು.

ಹಿಂದಿನ ದಿನದ ಇಪ್ಪತ್ತಾರರಲ್ಲಿ ಬಾಯಿಯದು ಒಂದೂ ಇರಲಿಲ್ಲ. ಅದರ ಹಿಂದಿನ ವಾರದಲ್ಲೂ ಇರಲಿಲ್ಲ. ಒಮ್ಮೊಮ್ಮೆ ಚಿಮ್ಮಟಕ್ಕೆ ಅಂಟಿ ಒಬ್ಬರ ಚೂರು ಇನ್ನೊಬ್ಬರದರಲ್ಲಿ ಸೇರುವುದುಂಟು. ಹಾಗೆ ಸೇರಿದ ಚೂರು ತನ್ನದೇ ಕ್ಯಾಸೆಟ್ಟು, ತನ್ನದೇ ನಂಬರು ತೆಗೆದುಕೊಂಡು ಬರುವುದಿಲ್ಲ. ಮೇಡಂ ಎಲ್ಲ ಕೇಳಿ ಕಡ್ಡಿ ಮುರಿದಂತೆ ಹೇಳಿದರು, ದಿಕ್ಕಿಲ್ಲದ ತುಂಡಿನ ಮೇಲೆ ಯಾರ ಹೆಸರನ್ನೂ ಬರೆಯಲು ಬರುವುದಿಲ್ಲ ಎಂದು. ‘ಜಾರು ಖಾಲಿ ಇತ್ತು, ಮತ್ತೊಮ್ಮೆ ತುಂಡು ಕಳಿಸಿ’ ಎಂದಷ್ಟೇ ಚೀಟಿ ಬರೆದರು. ಅವರು ಹೇಳಿದ್ದು ಸರಿ. ಆದರೆ ಆ ಚೀಟಿಯನ್ನು ದಸ್ತಗೀರನ ಕೈಗೆ ಕೊಡಬೇಕಾದವಳು ನಾನು.

“ಮತ್ತ ಕೊಯ್ಯಬೇಕೇನ್ರಿ? ಆಕಿ ಒಪ್ಪೂದಿಲ್ರಿ, ಭಾಳ ಅಂಜ್ಯಾಳ. ಹುಣ್ಣೂ ಸಣ್ಣದಾಗೇತಿ. ಐತವಾರ ಊರಿಗೆ ಹೊಂಟೇವಿ, ಅಲ್ಲೇ ನೋಡೂಣಂತ,” ಎಂದ.

ಅಲ್ಲೇ ನೋಡೋಣ ಎಂದವರು ಎಲ್ಲಿಯೂ ತೋರಿಸುವುದಿಲ್ಲ. ಇಷ್ಟು ವರ್ಷದಲ್ಲಿ ಅಂಥವರನ್ನು ಎಷ್ಟು ಕಂಡಿಲ್ಲ! ಹೋಗಲಿ ಬಿಡು ಅನ್ನಲೇ, ಹಿಡಿದು ನಿಲ್ಲಿಸಲೇ? ನಿಲ್ಲಿಸಲು ನನ್ನ ಹತ್ತಿರ ಇದ್ದದ್ದು ಒಂದೇ ಕಾರಣ, ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ.

“ಊರಿಗೆ ಆಮ್ಯಾಲೆ ಹೋಗ್ರಿ. ನಾ ನಿಮ್ಮ ಅಕ್ಕ ಅಂತ ತಿಳೀರಿ. ಮೊದಲ ತುಂಡು ಕೊಡಸ್ರಿ,” ಎಂದು ಅವನ ಕೈ ಹಿಡಿದುಕೊಂಡೆ.

ಅವನು ನನ್ನ ಮುಖವನ್ನೇ ನೋಡಿದ. “ಏನರ ಕಂಡೇತೇನ್ರಿ? ಖರೇ ಹೇಳ್ರಿ.”

“ಏನೂ ಇಲ್ಲ. ಜಾರ್ ಖಾಲಿ ಇತ್ತು, ಅಷ್ಟ,” ಎಂದೆ. ಅಂಥ ಸುಳ್ಳನ್ನು ನಾನು ಹಿಂದೆ ಹೇಳಿರಲಿಲ್ಲ, ಅಥವಾ ಅದು ಸುಳ್ಳೂ ಅಲ್ಲವೇನೋ.

ಶನಿವಾರ ಗಂಡ ಹೆಂಡತಿ ಇಬ್ಬರೂ ಬಂದರು. ಹುಸೇನಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಜಾರನ್ನು ತಾನೇ ಹಿಡಿದುಕೊಂಡಿದ್ದಳು. ಮೂವತ್ತರ ಆಸುಪಾಸಿನ ಹುಡುಗಿಯಂಥ ಹೆಂಗಸು. ಒಳಗೆ ಎರಡು ಚೂರು ಕಣ್ಣಿಗೆ ಕಾಣುತ್ತಿದ್ದವು. ಅವಳ ಎದುರಿಗೇ ಎಣಿಸಿ ಬರೆದುಕೊಂಡೆ.

ಸೋಮವಾರ ಸ್ಲೈಡ್ ನೋಡಿದ ಮೇಡಂ, “ಬರೇ ಬಾವು, ಮತ್ತೇನಿಲ್ಲ. ಚಲೋ ಆತು,” ಎಂದು ಸಹಿಗೆ ಪೆನ್ನು ತೆಗೆದರು. ಅಬ್ಬಾ ಎಂದು ನನಗೂ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಸಹಿ ಮಾಡಬೇಡಿ, ಇನ್ನೂ ಆಳಕ್ಕೆ ಕೊಯ್ಯುತ್ತೇನೆ ಎಂದೆ. ಯಾವ ಆಧಾರದ ಮೇಲೆ ಎಂದು ಕೇಳಿದರು. ಆಧಾರ ಎಲ್ಲಿಂದ ತರಲಿ? “ಸುಮ್ನ ಅನುಮಾನರೀ,” ಎಂದೆ. ಅವರು ನಕ್ಕರು, ಆದರೆ ಪೆನ್ನು ಕೆಳಗಿಟ್ಟರು.

ಆಳಕ್ಕೆ ಕೊಯ್ಯುವುದೆಂದರೆ ಮೇಣದಲ್ಲಿ ಕೂತ ಚೂರು ಸವೆಯುತ್ತ ಹೋಗುತ್ತದೆ. ಮುಗಿದರೆ ಮುಗಿಯಿತು, ಮತ್ತೆ ಅವಳನ್ನೇ ಕೊಯ್ಯಬೇಕು. ಮೊದಲ ಹಂತದಲ್ಲಿ ಇಲ್ಲ, ಎರಡನೆಯದರಲ್ಲಿ ಇಲ್ಲ, ಮೂರನೆಯದರಲ್ಲೂ ಇಲ್ಲ. ನಾಲ್ಕನೆಯದರ ಒಂದು ಮೂಲೆಯಲ್ಲಿ, ಸಾಸಿವೆಯಷ್ಟು ಜಾಗದಲ್ಲಿ, ಅದು ಇತ್ತು. ಮೇಡಂ ಕ್ಯಾನ್ಸರ್ ಎಂದು ರಿಪೋರ್ಟ್ ಬರೆದರು.

ಹುಸೇನಬಿಗೆ ಬೇಗ ಆಪರೇಷನ್ ಆಯಿತು. ಈಗ ಅವಳ ಮಾತು ಸ್ವಲ್ಪ ತೊದಲುತ್ತದೆ, ಆದರೆ ಗಂಡನನ್ನು ಬಯ್ಯಲು ಏನೂ ಅಡ್ಡಿಯಿಲ್ಲ. ಸಾಂತಾನನ ಕ್ಷಮೆ ಕೇಳಿದೆ, ಅವನು ಚಹಾ ಕೊಡಿಸಿದ. ಆದರೂ ನಿಮ್ಮೆದುರು ಒಪ್ಪಿಕೊಳ್ಳುತ್ತೇನೆ, ಇಂದಿಗೂ ಒಮ್ಮೊಮ್ಮೆ ಅವನ ಬೆನ್ನು ನೋಡುತ್ತ, ಇವನೇ ಇರಬಹುದೇ ಎಂದುಕೊಳ್ಳುತ್ತೇನೆ. ಒಮ್ಮೊಮ್ಮೆ ನನ್ನ ಬಗ್ಗೆಯೇ ಹಾಗೆ ಅನ್ನಿಸುತ್ತದೆ.

ಆ ಹೆಚ್ಚಿನ ತುಂಡೂ ಹುಸೇನಬಿ ಆಮೇಲೆ ತಂದದ್ದೂ ಒಬ್ಬರವೇ ಹೌದೋ ಅಲ್ಲವೋ ಎಂದು ತಿಳಿಯುವ ಪರೀಕ್ಷೆ ಈಗ ಇದೆ. ಮುಂಬೈಗೆ ಕಳಿಸೋಣವೇ ಎಂದು ಮೇಡಂ ಒಂದು ದಿನ ಕೇಳಿದರು. ಕೊತ್ತಂಬರಿ ಬಿಚ್ಚಿ ನೋಡುವ ನಾನು ಬೇಡವೆಂದೆ. ಅವು ಒಬ್ಬಳವೇ ಆಗಿದ್ದರೆ, ಬೆಳಿಗ್ಗೆ ಬೀಗ ತೆಗೆದು ಒಬ್ಬಳೇ ಆ ಕೋಣೆಗೆ ಹೋಗುವ ಧೈರ್ಯ ನನಗಿರುವುದಿಲ್ಲ. ಅಲ್ಲದಿದ್ದರೆ ಅದು ಇನ್ನೂ ಕಷ್ಟ. ಆಗ 413 ಬೇರೆ ಯಾರದೋ. ಅಂಥದ್ದೇ ಹುಣ್ಣು ಬಾಯಲ್ಲಿಟ್ಟುಕೊಂಡ ಒಬ್ಬರು ಎಲ್ಲೋ ಇದ್ದಾರೆ, ಮತ್ತೆ ಬನ್ನಿ ಎಂದು ಅವರ ಕೈ ಹಿಡಿದು ಹೇಳಿದವರು ಯಾರೂ ಇಲ್ಲ.