ಸುಮಿತ್ರಾಳ ಕಿಟಕಿಯ ಗಾಳಿಯಂತ್ರ

ಕೊರೊನಾ ಕಳೆದು ಶಾಲೆಗಳು ಸರಿಯಾಗಿ ತೆರೆದ ವರ್ಷ ನಾನು ಕಾಣಿಯೂರಿನ ಹತ್ತಿರದ ಒಂದು ಶಾಲೆಯಲ್ಲಿ ವಿಜ್ಞಾನದ ಅತಿಥಿ ಶಿಕ್ಷಕಿಯಾಗಿದ್ದೆ. ಮದುವೆಯಾದಂದಿನಿಂದ ಅದುವರೆಗೆ ಮನೆಯೇ ನನ್ನ ಕೆಲಸವಾಗಿತ್ತು. ಪುತ್ತೂರಿನ ಕಾನ್ವೆಂಟಿನಲ್ಲಿ ಕಲಿತ ವಿಜ್ಞಾನ ಅಲ್ಲಿಯವರೆಗೆ ಕುಕ್ಕರಿನ ವಿಸಿಲಿಗಷ್ಟೇ ಉಪಯೋಗವಾಗಿತ್ತು.

ಆ ದಿನಗಳ ಪಾಠ ಪರ್ಯಾಯ ಶಕ್ತಿ ಮೂಲಗಳು; ಮುಗಿದುಹೋಗುವ ಕಲ್ಲಿದ್ದಲು, ಡೀಸೆಲ್‌ಗಳ ಬದಲು ಬಿಸಿಲು, ನೀರು, ಗಾಳಿಯಿಂದ ವಿದ್ಯುತ್ ಪಡೆಯುವ ವಿಷಯ. ಸೋಲಾರ್ ದೀಪ ಮಕ್ಕಳಿಗೆ ಗೊತ್ತಿತ್ತು, ಗೋಬರ್ ಗ್ಯಾಸ್ ಕೆಲವರ ಮನೆಯಲ್ಲೇ ಇತ್ತು. ಗಾಳಿಯಿಂದ ಕರೆಂಟ್ ಎಂದಾಗ ಮಾತ್ರ ನಕ್ಕರು. ಅದಕ್ಕೇ ಹಾಳಾದ ಪ್ರಿಂಟರುಗಳ ಮೋಟರ್ ತರಿಸಿದೆ. ಮೋಟರಿಗೆ ಕರೆಂಟ್ ಕೊಟ್ಟರೆ ತಿರುಗುತ್ತದೆ. ನಾವು ತಿರುಗಿಸಿದರೆ ಅದೇ ಕರೆಂಟ್ ಕೊಡುತ್ತದೆ. ಒಬ್ಬೊಬ್ಬರಿಂದಲೂ ಪ್ಲಾಸ್ಟಿಕ್ ಬಾಟಲಿಯ ರೆಕ್ಕೆ ಮಾಡಿಸಿ, ಕೆಂಪು ಎಲ್‌ಇಡಿ ಸಿಕ್ಕಿಸಿ, ‘ಗಾಳಿಯಂತ್ರ’ ಎಂದು ಕಪ್ಪುಹಲಗೆಯಲ್ಲಿ ಬರೆದೆ. ಮೈದಾನದ ಗಾಳಿಗೆ ಮೊದಲ ದೀಪ ಮಿನುಗಿದಾಗ ಎಲ್ಲರೂ ಕೂಗಿದರು. ಐದನೆಯ ತರಗತಿಯ ಧನ್ಯ ಕೂಗಲಿಲ್ಲ.

“ಗಾಳಿ ಹಿಡಿದ್ರೆ ದೀಪ ಹೊತ್ತುದಾ ಟೀಚರ್?”

“ಹೌದು ಪುಟ್ಟಿ.”

“ಎಂತ ಗಾಳಿಯಾದ್ರೂ?”

“ಎಂತ ಗಾಳಿಯಾದ್ರೂ.”

ತಾನು ಮಾಡಿದ್ದನ್ನು ಮನೆಗೆ ಒಯ್ದವಳು ಮತ್ತೆ ಶಾಲೆಗೆ ಬರಲಿಲ್ಲ. ವಿಚಾರಿಸಿದಾಗ ಅವಳ ಗೆಳತಿ, “ಅವಳ ಅಮ್ಮನಿಗೆ ಗಾಳಿ ಸೋಕಿದ್ದಲ್ವಾ ಟೀಚರ್, ಅದನ್ನು ಹಿಡಿಲಿಕ್ಕೆ ಕೂತಿದ್ದಾಳೆ” ಎಂದಳು. ನನಗೆ ಆಗ ಹೊಳೆಯಿತು. ಗಾಳಿ ಎಂದರೆ ಮೈಮೇಲೆ ಬರುವ ಪ್ರೇತವೂ ಹೌದು. ಯಂತ್ರ ಎಂದರೆ ಅದನ್ನು ಕಟ್ಟಿಹಾಕುವ ತಾಮ್ರದ ತಗಡೂ ಹೌದು.

ಶನಿವಾರ ಮಧ್ಯಾಹ್ನ ಅವರ ಮನೆಗೆ ಹೋದೆ. ಜಗಲಿಯಲ್ಲಿದ್ದ ಅಜ್ಜಿ ತುಟಿಯ ಮೇಲೆ ಬೆರಳಿಟ್ಟರು. “ಮೆಲ್ಲ ಬನ್ನಿ. ಗಾಳಿ ಬಿಟ್ಟು ಹೋಗುವ ಹೊತ್ತು.”

ಧನ್ಯಳ ಅಮ್ಮ ಸುಮಿತ್ರಾಳ ಎರಡನೆಯ ಮಗು ಉಸಿರಿಲ್ಲದೆ ಹುಟ್ಟಿತ್ತಂತೆ. ಅಂದಿನಿಂದ ಅವಳು ಮಾತು ಬಿಟ್ಟಿದ್ದಳು. ಈಗ ಗಂಜಿಯನ್ನೂ ಬಿಟ್ಟಿದ್ದಳು. ಹೀಗೇ ಬಿಟ್ಟರೆ ಜೀವಕ್ಕೇ ಅಪಾಯ, ಪುತ್ತೂರಿಗೆ ಕರೆದೊಯ್ಯಿರಿ ಎಂದು ಆಶಾ ಕಾರ್ಯಕರ್ತೆ ಹೇಳಿ ಹೋಗಿದ್ದಳು.

“ಯಾವಾಗ ಹೋಗುದು?” ಎಂದೆ.

“ಇನ್ನೆಂತಕ್ಕೆ ಡಾಕ್ಟ್ರು ಮಾರಾಯ್ರೆ? ನಿಮ್ಮ ಯಂತ್ರ ಉಂಟಲ್ಲ!”

ಒಳಕೋಣೆಯ ಹೊಸ್ತಿಲಾಚೆ ಯಾರೂ ಹೋಗಬಾರದೆಂದು ಅಜ್ಜಿಯ ಕಟ್ಟಪ್ಪಣೆ. ಧನ್ಯ ಅನ್ನದ ಬಟ್ಟಲು ಹಿಡಿದು ಅಲ್ಲೇ ಕೂತಿದ್ದಳು. ಮಂಚದ ಮೇಲೆ ಗೋಡೆಗೆ ಮುಖ ಮಾಡಿದ ಒಂದು ಆಕೃತಿ. ತಲೆದಿಂಬಿನ ಪಕ್ಕದ ಕಿಟಕಿಗೆ ಹೊರಗಿನ ಗಾಳಿ ಬಾರದ ಹಾಗೆ ಹಲಗೆ ಮುಚ್ಚಿ, ಸರಳಿಗೆ ಗಾಳಿಯಂತ್ರ ಕಟ್ಟಿದ್ದರು; ಹೊಸ್ತಿಲಿನಿಂದ ಅದರ ದೀಪವಷ್ಟೇ ಕಾಣುತ್ತಿತ್ತು. ಮೂಲೆಯ ಊದುಬತ್ತಿಯ ಹೊಗೆ ನೂಲಿನ ಹಾಗೆ ನೆಟ್ಟಗೆ ಮೇಲಕ್ಕೆ ಹೋಗುತ್ತಿತ್ತು. ಸುಳಿಗಾಳಿ ಕೂಡ ಇಲ್ಲ.

ಅಷ್ಟರಲ್ಲಿ ಯಂತ್ರ ಕಿರ್ರೆಂದಿತು. ಕೆಂಪು ದೀಪ ಹೊತ್ತಿತು. ನಂದಿತು.

ಅಜ್ಜಿ ಕೈಮುಗಿದರು. ಧನ್ಯ ಒಂದು ತುತ್ತು ಬಾಯಿಗಿಟ್ಟಳು.

“ದೀಪ ಹೊತ್ತದೆ ಉಣ್ಣುದಿಲ್ಲ ಇವಳು. ಎಂತಾ ಹಠ!” ಅಜ್ಜಿ ಪಿಸುಗುಟ್ಟಿದರು.

ಹೊಗೆ ಅಲುಗಿರಲಿಲ್ಲ. ಓದಿದ ವಿಜ್ಞಾನವೆಲ್ಲ ಆ ಕ್ಷಣ ಎಲ್ಲಿ ಹೋಯಿತೋ. ಮತ್ತೊಮ್ಮೆ ಕಿರ್ರೆಂದಿತು, ಮತ್ತೊಂದು ತುತ್ತು. ತಡೆಯಲಾಗದೆ ಹೊಸ್ತಿಲು ದಾಟಿದೆ.

“ಅಯ್ಯೋ ಟೀಚರ್, ದಾಟ್ಬೇಡಿ!” ಎಂದು ಅಜ್ಜಿ ಅಂದದ್ದು ಬೆನ್ನ ಹಿಂದೆ ಕೇಳಿಸಿತು.

ಮಂಚದ ಆಚೆ ಬದಿಗೆ ಬಂದಾಗ ಕಂಡಿತು. ಹೊದಿಕೆಯಿಂದ ಒಂದು ಕೈ ಹೊರಬಂದಿತ್ತು. ಮಣ್ಣಿನ ಬಣ್ಣಕ್ಕೆ ತಿರುಗಿದ ಬಳೆ, ಕಡ್ಡಿಯಾದ ಬೆರಳು. ಆ ಬೆರಳು ಪ್ಲಾಸ್ಟಿಕ್ ರೆಕ್ಕೆಯನ್ನು ತನ್ನೆಲ್ಲ ಶಕ್ತಿಯಿಂದ ಒಮ್ಮೆ ಮೀಟಿತು.

ಸುಮಿತ್ರಾ ಕಣ್ಣು ತೆರೆದೇ ಇದ್ದಳು. “ಹೇಳ್ಬೇಡಿ ಟೀಚರ್,” ಒಣ ಎಲೆ ಮೆಟ್ಟಿದಂತಹ ಸ್ವರ. “ಹೊತ್ತಿದ್ರೆ ಅವಳು ಉಣ್ತಾಳೆ.”

ಹೊಸ್ತಿಲಿನಿಂದ ಧನ್ಯ ಕೇಳಿದಳು, “ಗಾಳಿ ಪೂರಾ ಹೋಯ್ತಾ ಟೀಚರ್?”

ನಾನು ಕಿಟಕಿಯ ಹಲಗೆ ತೆಗೆದು, ಸುಮಿತ್ರಾಳ ಮುಖ ನೋಡಿದೆ. ಅವಳು ಮಗಳ ಕಡೆಗೆ ಕತ್ತು ಹೊರಳಿಸಿದಳು.

“ಗಾಳಿ ಅಲ್ಲ ಮಗಾ. ನಾನೇ.”

ಬಟ್ಟಲು ನೆಲಕ್ಕೆ ಬಿತ್ತು. ಅಜ್ಜಿ ಸೊಸೆಯ ಸ್ವರ ಕೇಳಿ ಹೊಸ್ತಿಲು ದಾಟಿ ಬಂದರು. ಅವರೇ, “ಜೀಪಿನವನಿಗೆ ಫೋನ್ ಮಾಡಿ ಟೀಚರ್” ಎಂದರು.

ಪುತ್ತೂರಿನ ಚಿಕಿತ್ಸೆ ಬಹಳ ಸಮಯ ಹಿಡಿಯಿತು. ಸುಮಿತ್ರಾ ಮೊದಲಿನಂತೆ ಮಾತಾಡಲು ಒಂದು ಮಳೆಗಾಲವೇ ಕಳೆಯಬೇಕಾಯಿತು. ಈಗಲೂ ಯಾವುದಾದರೂ ಶಾಲೆಗೆ ಕರೆದರೆ ಮಕ್ಕಳಿಗೆ ಅದೇ ಮೋಟರ್, ಅದೇ ಕೆಂಪು ದೀಪ ತೋರಿಸುತ್ತೇನೆ. ದೀಪ ಹೊತ್ತಿದೊಡನೆ ಚಪ್ಪಾಳೆ ತಟ್ಟಲು ಮಾತ್ರ ಬಿಡುವುದಿಲ್ಲ. ಶಕ್ತಿ ಎಲ್ಲಿಂದ ಬಂತೆಂದು ಹತ್ತಿರ ಹೋಗಿ ನೋಡಿ ಬನ್ನಿ ಎನ್ನುತ್ತೇನೆ. ಕತ್ತಲೆಯಲ್ಲಿ ಯಾರೋ ಒಬ್ಬರು ಮೈಯಲ್ಲಿ ಉಳಿದದ್ದನ್ನೆಲ್ಲ ಕೂಡಿಸಿ ತಿರುಗಿಸುತ್ತಿರಬಹುದು.